ತಂತ್ರಾಂಶದ ಹೊಸ ಆವೃತ್ತಿ: ದಿನವನ್ನು ಯಾರು ಗೊತ್ತುಮಾಡಬೇಕು?

ದೀಪಾವಳಿಯ ಪಾಡ್ಯದಂದು ಹೊಸ ಕೀರ್ದಿ-ಖತಾವಣಿಗಳಿಗೆ ಪೂಜೆ ಸಲ್ಲಿಸಿ ಮೊದಲ ಪುಟದಲ್ಲಿ ‘ಶ್ರೀ’ ಬರೆಯುವ ಪದ್ಧತಿಯನ್ನು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಪೇಟೆಗಳ ಹಿರಿಯ ವರ್ತಕರು ಇಂದಿಗೂ ಬಿಟ್ಟಿಲ್ಲ. ಹಳೆಯ ವಹಿಯನ್ನು ಮುಚ್ಚಿ ಹೊಸ ವಹಿಯನ್ನು ತೆರೆಯುವ ದಿನ ಯಾವುದೆಂಬುದು ಆಗ ವರ್ತಕನ ಕೈಯಲ್ಲಿತ್ತು. ವಹಿಯನ್ನು ಮಾರಿದ ಕಾಗದದಂಗಡಿಯವನಾಗಲಿ ಸರಕಾರವಾಗಲಿ ನಡುವರ್ಷದಲ್ಲಿ ಬಂದು, ‘ಇಂದು ಸಂಜೆಯೊಳಗೆ ವಹಿ ಬದಲಿಸಿರಿ’ ಎಂದು ಹೇಳುತ್ತಿರಲಿಲ್ಲ. ಇಂದು ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಬಂದಿವೆ. ವಹಿ ಬದಲಿಸುವ ದಿನ ನಮ್ಮ ಕೈತಪ್ಪಿ ಹೋಗಿದೆ. ಮೂವತ್ತು ವರ್ಷಗಳ ನನ್ನ ವೃತ್ತಿಯಲ್ಲಿ ಕಂಡದ್ದನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ವರ್ತಕ ಬಾಂಧವರ ಮುಂದಿಡಬಯಸುತ್ತೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುವುದು ನ್ಯಾಯ. 2021ರ ಕೊನೆಯ ವಾರ. ಜವಳಿ ಹಾಗೂ ಪಾದರಕ್ಷೆಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯ ದರವು 2022ರ ಜನವರಿ 1ರಿಂದ ಶೇ. 5ರಿಂದ 12ಕ್ಕೆ ಏರುವುದಾಗಿ ಅಧಿಸೂಚನೆ ಹೊರಟಿತ್ತು. ನನ್ನ ಕಕ್ಷಿದಾರರಾದ ಜವಳಿ ವರ್ತಕರೊಬ್ಬರು, “ಸಾಹೇಬರ, ದರಾ ಯಾವಾಗ ಬದಲಿ ಮಾಡಬೇಕು?” ಎಂದು ಕೇಳಿದರು. ಕೊನೆಯ ಗಳಿಗೆಯ ಗದ್ದಲ ಬೇಡವೆಂದು ನಾನು ಡಿಸೆಂಬರ್ 30ರಂದೇ ಬದಲಾಯಿಸಿ ಇಡಲು ತಿಳಿಸಿದೆ. ಡಿಸೆಂಬರ್ 31ರಂದು ದೆಹಲಿಯಲ್ಲಿ ಸಭೆ ಸೇರಿದ ಜಿಎಸ್‌ಟಿ ಮಂಡಳಿಯು ಜವಳಿಯ ದರ ಏರಿಕೆಯನ್ನು ಮುಂದೂಡಿತು. ಪಾದರಕ್ಷೆಗಳ ಏರಿಕೆ ಮಾತ್ರ ಹಾಗೆಯೇ ಉಳಿಯಿತು. ಮರುದಿನ ಶನಿವಾರ ಮಧ್ಯಾಹ್ನದವರೆಗೆ ಅವರ ಅಂಗಡಿಯಲ್ಲಿ ಶೇ. 12ರಂತೆ ಬಿಲ್ಲುಗಳು ಹೋದವು. ಹೆಚ್ಚಾಗಿ ವಸೂಲು ಮಾಡಿದ ತೆರಿಗೆಯನ್ನು ಇಟ್ಟುಕೊಳ್ಳುವಂತಿಲ್ಲ, ಅದು ಸರಕಾರಕ್ಕೆ ಸೇರಬೇಕು. ಇಲ್ಲವಾದರೆ ಗಿರಾಕಿಯನ್ನು ಹುಡುಕಿ ಕ್ರೆಡಿಟ್ ನೋಟ್ ಕೊಡಬೇಕು. ಸೀರೆ ಕೊಂಡು ಹೋದ ಗಿರಾಕಿಯನ್ನು ಎಲ್ಲಿ ಹುಡುಕುವುದು? ಅವರು ನನ್ನನ್ನು ಬೈಯಲಿಲ್ಲ. ಆದರೆ ಅಂದಿನಿಂದ ನಾನು ಏನು ಹೇಳಿದರೂ, “ನಾಳಿಗಿ ಮತ್ತ ಮುಂದ ಹೋಗೂದಿಲ್ಲಲ್ರೀ?” ಎಂದು ಕೇಳಿಯೇ ಮುಂದುವರಿಯುತ್ತಾರೆ.

ಇದೇ ಸಮಯದಲ್ಲಿ ಅಥಣಿಯ ಚಪ್ಪಲಿ ವ್ಯಾಪಾರಿಗಳು ಮುಂದೂಡಿಕೆಯ ಸುದ್ದಿಯನ್ನು ಅರ್ಧಂಬರ್ಧ ಕೇಳಿ, ತಮಗೂ ಅದು ಅನ್ವಯಿಸುತ್ತದೆಂದು ಭಾವಿಸಿದ್ದುಂಟು. ಒಂದೇ ಅಧಿಸೂಚನೆಯ ಎರಡು ಸರಕುಗಳಿಗೆ ಎರಡು ಬೇರೆ ಗತಿ.

ದಿನಾಂಕಗಳು ಹೀಗೆ ಸರಿದಾಡುವುದು ಅಪರೂಪವೆಂದು ಯಾರೂ ತಿಳಿಯಬಾರದು. ಇ-ವೇ ಬಿಲ್ ವ್ಯವಸ್ಥೆಯು 2018ರ ಫೆಬ್ರವರಿ 1ರಂದು ಆರಂಭವಾಗಿ, ಜಾಲತಾಣ ಭಾರ ತಾಳದೆ ಅಂದೇ ನಿಂತು, ಏಪ್ರಿಲ್ 1ಕ್ಕೆ ಮತ್ತೆ ಬಂದಿತು. ಇ-ಇನ್‌ವಾಯ್ಸ್ 2020ರ ಏಪ್ರಿಲ್‌ನಿಂದ ಕಡ್ಡಾಯವಾಗಬೇಕಾಗಿದ್ದುದು ಅಕ್ಟೋಬರ್ 1ಕ್ಕೆ ಹೋಯಿತು. ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ಉಳಿಯಲೇಬೇಕೆಂಬ ನಿಯಮದ ಕಥೆ ಇನ್ನೂ ಸ್ವಾರಸ್ಯಕರ. 2021ರ ಮಾರ್ಚ್ 24ರಂದು ಅಧಿಸೂಚನೆ ಹೊರಡಿಸಿ, ಒಂದೇ ವಾರದಲ್ಲಿ, ಏಪ್ರಿಲ್ 1ರಿಂದ ಜಾರಿ ಎಂದರು. ಅದೇ ಏಪ್ರಿಲ್ 1ರಂದು ಮತ್ತೊಂದು ಅಧಿಸೂಚನೆ ಹೊರಟು ಒಂದು ವರ್ಷ ಮುಂದಕ್ಕೆ ಹೋಯಿತು. 2022ರ ಮಾರ್ಚ್ 31ರಂದು ಮತ್ತೊಂದು ವರ್ಷ ಮುಂದಕ್ಕೆ. ಕೊನೆಗೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಈ ನಡುವೆ ಅವಸರದಿಂದ ಹೊಸ ಆವೃತ್ತಿಗೆ ಹೋದವರೂ ಇದ್ದರು; ‘ಇದು ಬರುವುದೇ ಇಲ್ಲ’ ಎಂದು ಕುಳಿತವರೂ ಇದ್ದರು. ಲೆಕ್ಕಪರಿಶೋಧಕರಾಗಿ ನಾವು ಈಗ ಪ್ರತಿ ಕಂಪನಿಯ ವರದಿಯಲ್ಲಿ ಈ ಜಾಡು ವರ್ಷವಿಡೀ ಕಾರ್ಯನಿರತವಾಗಿತ್ತೇ ಎಂಬುದನ್ನು ಬರೆಯಬೇಕು. ಜೂನ್ ತಿಂಗಳಲ್ಲಿ ಹೊಸ ಆವೃತ್ತಿ ಹಾಕಿಕೊಂಡು, ‘ವರ್ಷವಿಡೀ ಇತ್ತೆಂದು ಬರೆದುಬಿಡಿರಿ’ ಎಂದರೆ ಬರೆಯಲಾಗದು.

ನಮ್ಮ ನಿಪ್ಪಾಣಿಯ ತಂಬಾಕು ಹಾಗೂ ಬೀಡಿ ಉದ್ದಿಮೆಗೆ ಈಚೆಗೆ ಆದದ್ದಂತೂ ಈ ವಿಷಯಕ್ಕೆ ತಕ್ಕ ಪಾಠ. 2025ರ ಸೆಪ್ಟೆಂಬರ್ 3ರಂದು ಮಂಡಳಿಯು ದರಗಳನ್ನು ಸರಳಗೊಳಿಸುವ ನಿರ್ಣಯ ಕೈಗೊಂಡಿತು. ಸೆಪ್ಟೆಂಬರ್ 17ರಂದು ಅಧಿಸೂಚನೆ, 22ರಂದು, ಅಂದರೆ ಘಟಸ್ಥಾಪನೆಯ ದಿನವೇ, ಜಾರಿ. ಬೀಡಿ ಎಲೆಯ ದರ ಅಂದಿನಿಂದಲೇ ಶೇ. 18ರಿಂದ 5ಕ್ಕೆ ಇಳಿಯಿತು. ಬೀಡಿಯ ದರವೂ 28ರಿಂದ 18ಕ್ಕೆ ಇಳಿಯಬೇಕೆಂಬುದು ಅದೇ ಸಭೆಯ ನಿರ್ಣಯ. ಆದರೆ ಅದರ ದಿನಾಂಕವನ್ನು ಹೇಳಲಿಲ್ಲ. ಪರಿಹಾರ ಮೇಲ್ತೆರಿಗೆಯ ಲೆಕ್ಕದ ಸಾಲ ತೀರುವವರೆಗೆ ತಂಬಾಕು ಪದಾರ್ಥಗಳಿಗೆ ಹಳೆಯ ದರವೇ ಇರಲಿ ಎಂದರು. ಹೀಗಾಗಿ ಎಲೆಗೆ ಹೊಸ ದರ, ಅದೇ ಎಲೆಯಲ್ಲಿ ಸುತ್ತಿದ ಬೀಡಿಗೆ ಹಳೆಯ ದರ, ರೈತನಿಂದ ಕೊಂಡ ತಂಬಾಕಿನ ಎಲೆಗೆ ಖರೀದಿದಾರನೇ ತೆರಬೇಕಾದ ಶೇ. 5 ಎಂದಿನಂತೆ. ಒಂದೇ ಗೋದಾಮಿನಲ್ಲಿ ಮೂರು ಬಗೆಯ ಲೆಕ್ಕ. ಕೊನೆಗೆ ಡಿಸೆಂಬರ್ 31ರಂದು ಅಧಿಸೂಚನೆ ಬಂದು, 2026ರ ಫೆಬ್ರವರಿ 1ರಿಂದ ಬೀಡಿಗೆ ಶೇ. 18 ಆಯಿತು. ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ನಾಲ್ಕು ತಿಂಗಳು ‘ಬರುತ್ತದೆ, ಆದರೆ ಯಾವಾಗ ಗೊತ್ತಿಲ್ಲ’ ಎಂಬ ಸ್ಥಿತಿ. ಈ ಅವಧಿಯಲ್ಲಿ ತಂತ್ರಾಂಶದ ಮಾರಾಟಗಾರರಿಂದ ನಮ್ಮವರಿಗೆ ಬಂದ ದೂರವಾಣಿ ಕರೆಗಳಿಗೆ ಲೆಕ್ಕವಿಲ್ಲ.

ಮಾರಾಟಗಾರರನ್ನೇ ದೂರುವುದು ಸರಿಯಲ್ಲ. ಕಾನೂನಿನ ಅಂತಿಮ ರೂಪ ಕೈಗೆ ಬರುವ ಮುನ್ನ ಅವರು ತಮ್ಮ ಆವೃತ್ತಿಯ ದಿನಾಂಕವನ್ನು ಖಚಿತವಾಗಿ ಹೇಳುವುದಾದರೂ ಹೇಗೆ? ಜಗತ್ತಿನಲ್ಲಿ ಎರಡೂ ಪದ್ಧತಿಗಳಿವೆ. ಉಬುಂಟು ಎಂಬ ಕಾರ್ಯವ್ಯವಸ್ಥೆಯ ಹೊಸ ಆವೃತ್ತಿ ಪ್ರತಿ ವರ್ಷ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುತ್ತದೆ. ಅದಕ್ಕೆ ಮೂಲವಾದ ಡೆಬಿಯನ್ ಮಾತ್ರ ಸಿದ್ಧವಾದಾಗಲೇ ಬರುವುದು. 12ನೆಯ ಆವೃತ್ತಿ 2023ರ ಜೂನ್‌ನಲ್ಲಿ, 13ನೆಯದು 2025ರ ಆಗಸ್ಟ್‌ನಲ್ಲಿ ಬಂದಿತು. ದೊಡ್ಡ ದೊಡ್ಡ ಸಂಸ್ಥೆಗಳು ಡೆಬಿಯನ್ ಬಳಸುತ್ತವೆ; ದಿನಾಂಕ ತಿಳಿಯದೆಂದು ಅವುಗಳ ಕೆಲಸ ಕೆಡುವುದಿಲ್ಲ. ಏಕೆಂದರೆ ಹೊಸದು ಬಂದ ದಿನವೇ ಅವು ಬದಲಾಗುವುದಿಲ್ಲ. ಹಳೆಯದಕ್ಕೆ ಬೆಂಬಲ ಇನ್ನೂ ಕೆಲಕಾಲ ಇರುತ್ತದೆ, ಆ ಅವಧಿಯೊಳಗೆ ತಮಗೆ ಅನುಕೂಲವಾದ ದಿನವನ್ನು ತಾವೇ ಆರಿಸಿಕೊಳ್ಳುತ್ತವೆ.

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮ ಕೃಷ್ಣಾ-ದೂಧಗಂಗಾ ತೀರದ ಸಕ್ಕರೆ ಕಾರ್ಖಾನೆಗಳನ್ನು ನೋಡಿರಿ. ಕಬ್ಬು ನುರಿಸುವ ಹಂಗಾಮು ಯಾವ ತಾರೀಖಿಗೆ ಆರಂಭವಾಗುತ್ತದೆಂಬುದು ಜೂನ್ ತಿಂಗಳಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಮಳೆ, ಕಬ್ಬಿನ ಇಳುವರಿ, ಸರಕಾರದ ಆದೇಶ, ಬೆಲೆಯ ಬಗೆಗಿನ ರೈತರ ಹೋರಾಟ, ಇವೆಲ್ಲವೂ ಸೇರಿ ಆ ದಿನವನ್ನು ನಿರ್ಧರಿಸುತ್ತವೆ. ಆದರೂ ಯಾವ ಕಾರ್ಖಾನೆಯೂ ಆದೇಶ ಬಂದ ಮೇಲೆ ಗಾಣ ಬಿಚ್ಚುವುದಿಲ್ಲ. ಹಂಗಾಮು ಮುಗಿದೊಡನೆ ರೋಲರುಗಳನ್ನು ಕಳಚಿ ದುರಸ್ತಿಗೆ ಕಳುಹಿಸುತ್ತಾರೆ, ಬಾಯ್ಲರಿನ ತಪಾಸಣೆ ಆಗುತ್ತದೆ, ಮಳೆಗಾಲ ಕಳೆಯುವಷ್ಟರಲ್ಲಿ ಬಾಯ್ಲರ್ ಪ್ರದೀಪನ ಸಮಾರಂಭವೂ ನಡೆಯುತ್ತದೆ. ಹಂಗಾಮಿನ ದಿನ ಇವರ ಕೈಯಲ್ಲಿಲ್ಲ. ಸಿದ್ಧತೆಯ ದಿನ ಇವರ ಕೈಯಲ್ಲಿದೆ. ನುರಿಸುವಿಕೆ ನಡೆದಿರುವಾಗ ತೂಕದ ಕಾಟಾದ ತಂತ್ರಾಂಶವನ್ನು ಬದಲಿಸುವ ಧೈರ್ಯವನ್ನೂ ಯಾರೂ ಮಾಡಲಾರರು. ಟ್ರ್ಯಾಕ್ಟರಿನ ಸಾಲು ಹೊರಗೆ ನಿಂತಿರುವಾಗ ಕಾಟಾದ ಮೇಲೆ ಒಂದು ಅಂಕಿ ತಪ್ಪು ಬಿದ್ದರೆ, ಅದು ತಂತ್ರಾಂಶದ ದೋಷವೆಂದು ರೈತ ನಂಬುವನೇ?

ಈ ವಿವೇಕವನ್ನು ನಾವು ಅಂಗಡಿಯ ಗಣಕಯಂತ್ರಕ್ಕೆ ಏಕೆ ಅನ್ವಯಿಸುವುದಿಲ್ಲವೋ ನನಗೆ ತಿಳಿಯದು.

ನನ್ನ ಅಭಿಪ್ರಾಯದಲ್ಲಿ ಮೂರು ದಿನಾಂಕಗಳನ್ನು ಒಂದೆಂದು ಭಾವಿಸುವುದೇ ಎಲ್ಲ ಗೊಂದಲದ ಮೂಲ. ಕಾನೂನು ಜಾರಿಗೆ ಬರುವ ದಿನ ಒಂದು. ತಂತ್ರಾಂಶದ ಹೊಸ ಆವೃತ್ತಿ ಬಿಡುಗಡೆಯಾಗುವ ದಿನ ಇನ್ನೊಂದು. ನಾವು ಅದನ್ನು ನಮ್ಮ ಯಂತ್ರಕ್ಕೆ ಹಾಕಿಕೊಳ್ಳುವ ದಿನ ಮೂರನೆಯದು. ಮೊದಲನೆಯದಕ್ಕೆ ತಲೆಬಾಗಲೇಬೇಕು. ಎರಡನೆಯದು ಕೇವಲ ಸುದ್ದಿ. ಮೂರನೆಯದು ಸಂಪೂರ್ಣವಾಗಿ ನಮ್ಮದು.

ಇಲ್ಲಿಯೇ ಒಂದು ಮುಖ್ಯ ಮಾತನ್ನು ವಿವರಿಸಬೇಕು. ತೆರಿಗೆಯ ದರ ಬದಲಾದ ಮಾತ್ರಕ್ಕೆ ತಂತ್ರಾಂಶದ ಹೊಸ ಆವೃತ್ತಿ ಬೇಕಾಗುವುದಿಲ್ಲ. ನಮ್ಮ ಭಾಗದಲ್ಲಿ ಹೆಚ್ಚು ಬಳಕೆಯಲ್ಲಿರುವ ಟ್ಯಾಲಿಯಲ್ಲಿ ಪ್ರತಿ ಸರಕಿಗೂ ‘ಇಂತಹ ದಿನಾಂಕದಿಂದ ಇಂತಹ ದರ’ ಎಂದು ನಮೂದಿಸಲು ಅವಕಾಶವಿದೆ. 2025ರ ಸೆಪ್ಟೆಂಬರ್ 22ಕ್ಕಾಗಿ ಮಾಡಬೇಕಾಗಿದ್ದ ಕೆಲಸ ಇಷ್ಟೇ. ಅಥಣಿಯ ಚಪ್ಪಲಿ ಅಂಗಡಿಯವರು ಜೋಡಿಗೆ 2,500 ರೂಪಾಯಿಗಳವರೆಗಿನ ಮಾಲಿಗೆ ಶೇ. 5 ಎಂದು ಬರೆದುಕೊಂಡರೆ ಮುಗಿಯಿತು. ಮೊದಲು 1,000 ರೂಪಾಯಿಗಳವರೆಗೆ ಶೇ. 12, ಅದಕ್ಕೂ ಮೇಲೆ ಶೇ. 18 ಇದ್ದುದರಿಂದ ಎರಡು ಗುಂಪುಗಳು ಒಂದಾದವು. ಆದರೆ ಅನೇಕರು ದರ ಬದಲಾವಣೆಯನ್ನೂ ಆವೃತ್ತಿ ಬದಲಾವಣೆಯನ್ನೂ ಒಂದೇ ರಾತ್ರಿ ಮಾಡಿದರು. ಬೆಳಿಗ್ಗೆ ಬಿಲ್ಲಿನಲ್ಲಿ ತಪ್ಪು ಕಂಡಾಗ, ದೋಷ ದರದ್ದೋ ಆವೃತ್ತಿಯದ್ದೋ ಎಂಬುದೇ ತಿಳಿಯಲಿಲ್ಲ. ಎರಡು ಔಷಧಿಗಳನ್ನು ಒಟ್ಟಿಗೆ ಕುಡಿದವನಿಗೆ ಯಾವುದರಿಂದ ಗಂದೆ ಎದ್ದಿತೆಂದು ಹೇಳುವುದು ವೈದ್ಯನಿಗೂ ಕಷ್ಟ. (ಪ್ರಸಂಗವಶಾತ್ ಹೇಳುವುದಾದರೆ, ದರ ಬದಲಾದ ಆಸುಪಾಸಿನ ವ್ಯವಹಾರಗಳಿಗೆ ಕಾಯಿದೆಯ 14ನೆಯ ಕಲಮು ಅನ್ವಯಿಸುತ್ತದೆ. ಮಾಲಿನ ರವಾನೆ, ಬಿಲ್ಲು, ಹಣ ಸಂದಾಯ, ಈ ಮೂರರಲ್ಲಿ ಎರಡು ಯಾವ ಬದಿಗೆ ಬೀಳುತ್ತವೆಯೋ ಆ ಬದಿಯ ದರ. ಇದನ್ನು ತಂತ್ರಾಂಶ ತಾನಾಗಿ ತಿಳಿದುಕೊಳ್ಳುವುದಿಲ್ಲ, ದಿವಾಣಜಿಯವರೇ ನೋಡಬೇಕು.)

ಆವೃತ್ತಿಯ ಬದಲಾವಣೆ ಇದಕ್ಕಿಂತ ದೊಡ್ಡ ಕೆಲಸ. ಕೆಲವೊಮ್ಮೆ ಹಳೆಯ ದತ್ತಾಂಶವನ್ನು ಹೊಸ ರೂಪಕ್ಕೆ ಪರಿವರ್ತಿಸಬೇಕಾಗುತ್ತದೆ. ಹಾಗೆ ಪರಿವರ್ತಿಸಿದ ಲೆಕ್ಕವನ್ನು ಹಳೆಯ ಆವೃತ್ತಿಯಲ್ಲಿ ತೆರೆಯಲು ಬರುವುದಿಲ್ಲ. ಅಡತ ಅಂಗಡಿಗಳಲ್ಲಿ ಹಮಾಲಿ, ತೋಲಾಯಿ, ದಲಾಲಿಗಳನ್ನು ಕಳೆದು ಪಟ್ಟಿ ತೆಗೆಯಲು, ತಂಬಾಕಿನ ಬೋದಿನ ಗುರುತು-ತೂಕಗಳನ್ನು ಬಿಲ್ಲಿನಲ್ಲಿ ಮುದ್ರಿಸಲು ಸ್ಥಳೀಯ ತಂತ್ರಜ್ಞರಿಂದ ಮಾಡಿಸಿಕೊಂಡ ಜೋಡಣೆಗಳು ಇರುತ್ತವೆ. ಮೂಲ ಆವೃತ್ತಿ ಬದಲಾದಾಗ ಮೊದಲು ಮುರಿಯುವುದು ಇವೇ.

ಹೆಸರು ಹೇಳದೆ ಒಂದು ಉದಾಹರಣೆ ಕೊಡುತ್ತೇನೆ. ಮಾರ್ಚ್ ತಿಂಗಳ ಕೊನೆಯ ಶನಿವಾರ ಸಂಜೆ ಒಂದು ಪೇಢಿಗೆ ತಂತ್ರಾಂಶದ ಹುಡುಗ ಬಂದು ಹೊಸ ಆವೃತ್ತಿ ಹಾಕಿಹೋದ. ಸೋಮವಾರ ಬೆಳಿಗ್ಗೆ ಬಿಲ್ಲಿನ ಕ್ರಮಸಂಖ್ಯೆ ಮತ್ತೆ 1ರಿಂದ ಆರಂಭವಾಯಿತು. ಇ-ಇನ್‌ವಾಯ್ಸಿನ ಗುರುತು ಸಂಖ್ಯೆ ಹುಟ್ಟುವುದು ಮಾರಾಟಗಾರನ ಜಿಎಸ್‌ಟಿ ಸಂಖ್ಯೆ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ ಮತ್ತು ಹಣಕಾಸು ವರ್ಷ, ಈ ನಾಲ್ಕರಿಂದ. ಅದೇ ವರ್ಷದ 1ನೆಯ ಬಿಲ್ಲು ಹಿಂದಿನ ಏಪ್ರಿಲ್‌ನಲ್ಲೇ ದಾಖಲಾಗಿದ್ದುದರಿಂದ ಜಾಲತಾಣ ಅದನ್ನು ತಿರಸ್ಕರಿಸಿತು. ಬಿಲ್ಲು ಇಲ್ಲ, ಹಾಗಾಗಿ ಇ-ವೇ ಬಿಲ್ಲೂ ಇಲ್ಲ. ಕೊಲ್ಹಾಪುರದ ಕಡೆಗೆ ಹೊರಟಿದ್ದ ಲಾರಿ ಒಂದು ರಾತ್ರಿ, ಒಂದು ಹಗಲು ಗೋದಾಮಿನ ಮುಂದೆಯೇ ನಿಂತಿತು. ‘ಕಾಗದ ಆಮೇಲೆ ಕಳುಹಿಸೋಣ, ಲಾರಿ ಬಿಡಿರಿ’ ಎಂದು ಚಾಲಕ ಒತ್ತಾಯಿಸಿದನಂತೆ. ಮಾಲೀಕರು ಒಪ್ಪಲಿಲ್ಲ, ಒಳ್ಳೆಯದಾಯಿತು. ದಾಖಲೆಯಿಲ್ಲದೆ ಹೊರಟ ಮಾಲು ಹಾದಿಯಲ್ಲಿ ಸಿಕ್ಕರೆ, 129ನೆಯ ಕಲಮಿನಂತೆ ತೆರಿಗೆಯ ಎರಡು ಪಟ್ಟು ದಂಡ. ಅಂದು ಶೇ. 28ರ ದರ. ಹತ್ತು ಲಕ್ಷದ ಬೀಡಿಗೆ ತೆರಿಗೆ 2.80 ಲಕ್ಷ, ದಂಡ 5.60 ಲಕ್ಷ. ಗಡಿಯ ಮೇಲೆ ಕುಳಿತ ನಮ್ಮಂಥವರಿಗೆ, ಮಿರಜ, ಸಾಂಗಲಿ, ಇಚಲಕರಂಜಿಗಳ ಜೊತೆ ನಿತ್ಯ ಕೊಡುಕೊಳ್ಳುವಿಕೆ ಇರುವವರಿಗೆ, ಇದು ಕಾಗದದ ಮೇಲಿನ ಭಯವಲ್ಲ.

ಹಾಗಾದರೆ ಯಾವ ದಿನ ಯೋಗ್ಯ? ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ನಮ್ಮ ರಾಜ್ಯದವರಿಗೆ 22. ತಿಂಗಳ ಕೊನೆಯ ಎರಡು ದಿನ ಬಿಲ್ಲುಗಳ ಒತ್ತಡ. ಉಳಿದದ್ದು 23ರಿಂದ 27ರವರೆಗಿನ ಕಿಂಡಿ ಮಾತ್ರ. ಅದರಲ್ಲಿ ಮಾರ್ಚ್ ಬೇಡ, ತೆರಿಗೆ ಪರಿಶೋಧನೆಯ ಸೆಪ್ಟೆಂಬರ್ ಬೇಡ, ದೀಪಾವಳಿಯ ಆಸುಪಾಸು ಬೇಡ. ಸಕ್ಕರೆ ಕಾರ್ಖಾನೆಗಳಿಗೂ ಅವುಗಳನ್ನು ನಂಬಿದ ಸಾರಿಗೆ, ಯಂತ್ರಭಾಗಗಳ ವ್ಯಾಪಾರಿಗಳಿಗೂ ಹಂಗಾಮಿನ ತಿಂಗಳುಗಳು ಬೇಡ. ತಂಬಾಕಿನವರಿಗೆ ಹೊಸ ಮಾಲಿನ ಖರೀದಿಯ ಕಾಲ ಬೇಡ. ಅಥಣಿಯ ಒಣದ್ರಾಕ್ಷಿಯವರಿಗೆ ಬೇಸಿಗೆ ಬೇಡ. ಹೀಗೆ ಸೋಸಿದಾಗ ಹೆಚ್ಚಿನವರಿಗೆ ಉಳಿಯುವುದು ಜೂನ್ ಹಾಗೂ ಆಗಸ್ಟ್ ತಿಂಗಳುಗಳ ನಾಲ್ಕೈದು ದಿನಗಳು. ಆ ದಿನಕ್ಕೆ ಮೂರು ವಾರ ಮೊದಲು ಬಿಡುಗಡೆಯಾಗಿ, ಬೇರೆಯವರ ಬಳಿ ಓಡಿ ನೋಡಿದ ಆವೃತ್ತಿ ಇದ್ದರೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಕಿಂಡಿಗೆ ಬಿಡಬೇಕು. ‘ಇನ್ನೆರಡು ದಿನದಲ್ಲಿ ಬರುತ್ತದಂತೆ’ ಎಂದು ಕಿಂಡಿಯನ್ನು ಎಳೆಯಬಾರದು. ಬಿಡುಗಡೆಯ ದಿನ ಎಷ್ಟಾದರೂ ಸರಿದಾಡಲಿ. ನಮ್ಮ ದಿನ ಸರಿಯಬಾರದು.

ಹಾಕಿಕೊಳ್ಳುವ ಮುನ್ನ ಲೆಕ್ಕದ ಪ್ರತಿಯೊಂದನ್ನು ಬೇರೆ ಯಂತ್ರದಲ್ಲಿಟ್ಟು ಅದರ ಮೇಲೆ ಹೊಸ ಆವೃತ್ತಿಯನ್ನು ಪರೀಕ್ಷಿಸಬೇಕು. ಪರೀಕ್ಷೆಯೆಂದರೆ ತೆರೆದು ನೋಡಿ ‘ಬಂತು’ ಎನ್ನುವುದಲ್ಲ. ತಾಳೆಪಟ್ಟಿಯ ಮೊತ್ತ, ಕೊನೆಯ ದಾಸ್ತಾನಿನ ಮೊತ್ತ, ಹಿಂದಿನ ತಿಂಗಳ ಜಿಎಸ್‌ಟಿಆರ್-1ರ ಒಟ್ಟು ತೆರಿಗೆ, ಕೊನೆಯ ಬಿಲ್ಲಿನ ಸಂಖ್ಯೆ, ಈ ನಾಲ್ಕನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಹೊಸದರಲ್ಲಿಯೂ ಅವೇ ಬಂದರೆ ಮುಂದಿನ ಮಾತು. ನನ್ನ ಕಚೇರಿಯಲ್ಲಿ ಇದಕ್ಕೆ ಅರ್ಧ ದಿನ ಹಿಡಿಯುತ್ತದೆ. ಅರ್ಧ ದಿನ ಹೆಚ್ಚಾಯಿತೆನ್ನುವವರು ಮೇಲಿನ ಲಾರಿಯ ಲೆಕ್ಕವನ್ನು ಮತ್ತೊಮ್ಮೆ ಓದಬೇಕು.

‘ಓಡುತ್ತಿರುವುದನ್ನು ಏಕೆ ಕೆದಕಬೇಕು?’ ಎನ್ನುವ ಇನ್ನೊಂದು ಪಕ್ಷವಿದೆ. ಅವರು ವಾರ್ಷಿಕ ಸೇವಾ ಶುಲ್ಕವನ್ನು ಉಳಿಸಿ ಹಳೆಯ ಆವೃತ್ತಿಯಲ್ಲೇ ಇರುತ್ತಾರೆ. ಐದು ಕೋಟಿಗೂ ಮೇಲ್ಪಟ್ಟ ವಹಿವಾಟಿನವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾದದ್ದು ಎಲ್ಲರಿಗೂ ನೆನಪಿರಬಹುದು. ಅಧಿಸೂಚನೆ ಬಂದದ್ದು ಮೇ 10ರಂದು. ಸರಕಾರ ಅಪರೂಪಕ್ಕೆ 80ಕ್ಕೂ ಹೆಚ್ಚು ದಿನಗಳನ್ನು ಕೊಟ್ಟಿತ್ತು. ದಿನಾಂಕ ಸರಿಯಲೂ ಇಲ್ಲ. ನನ್ನ ದೂರವಾಣಿ ಬಡಿದುಕೊಳ್ಳಲಾರಂಭಿಸಿದ್ದು ಮಾತ್ರ ಜುಲೈ 28ರಿಂದ! ಈಗ ಕಡಿಮೆ ವಹಿವಾಟಿದ್ದರೂ 2017-18ರಿಂದೀಚೆಗೆ ಯಾವುದಾದರೊಂದು ವರ್ಷ ಮಿತಿ ದಾಟಿದ್ದರೆ ಸಾಕು ಎಂಬುದನ್ನು ಆಗ ಮೊದಲ ಬಾರಿಗೆ ಕೇಳಿ ಬೆಚ್ಚಿದವರೂ ಇದ್ದರು. ಸರಕಾರದ ಅವಸರವನ್ನು ಟೀಕಿಸುವ ನಾವು ನಮ್ಮ ಆಲಸ್ಯವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಭದ್ರತೆಗಾಗಿ ಬರುವ ಸಣ್ಣ ಪರಿಷ್ಕರಣೆಗಳ ಮಾತು ಬೇರೆ. ಅವನ್ನು ಜೂನ್‌ವರೆಗೆ ಕಾಯಿಸಲಾಗದು. ಆದರೂ ಎಲ್ಲ ಯಂತ್ರಗಳಿಗೂ ಒಂದೇ ಗಳಿಗೆಯಲ್ಲಿ ಹಾಕಬಾರದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ದೋಷಯುಕ್ತ ಪರಿಷ್ಕರಣೆಯಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಯಂತ್ರಗಳು ಸ್ತಬ್ಧವಾಗಿ ವಿಮಾನಗಳು ನಿಂತವು. ಅಂಗಡಿಯಲ್ಲಿ ಮೂರು ಯಂತ್ರಗಳಿದ್ದರೆ ಒಂದಕ್ಕೆ ಇಂದು, ಉಳಿದವಕ್ಕೆ ಎರಡು ದಿನ ಬಿಟ್ಟು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿದ್ದರೂ ಅನೇಕ ಗಲ್ಲಾಗಳ ಮೇಲೆ ಅದನ್ನೇ ಕಾಣುತ್ತೇನೆ. ಆ ದಿನಾಂಕ ವರ್ಷಗಳ ಮೊದಲೇ ಪ್ರಕಟವಾಗಿತ್ತು.

ಸರಕಾರಕ್ಕೆ ನಮ್ಮ ಸಂಸ್ಥೆ ಮನವಿ ಸಲ್ಲಿಸುವುದಾದರೆ ಒಂದೇ ಬೇಡಿಕೆ ಸಾಕು. ಅಧಿಸೂಚನೆಗೂ ಜಾರಿಗೂ ನಡುವೆ ಕನಿಷ್ಠ 30 ದಿನಗಳಿರಲಿ. 2022ರ ಜುಲೈನಲ್ಲಿ ಪೊಟ್ಟಣ ಕಟ್ಟಿದ ಆಹಾರಧಾನ್ಯ, ಬೆಲ್ಲಗಳ ಮೇಲೆ ತೆರಿಗೆ ಬಂದಾಗ 13ಕ್ಕೆ ಅಧಿಸೂಚನೆ, 18ಕ್ಕೆ ಜಾರಿ. 2025ರ ಸೆಪ್ಟೆಂಬರ್‌ನಲ್ಲಿಯೂ ಅದೇ ಐದು ದಿನ. ದರ ಇಳಿಕೆ ಬೇಗ ಆಗಬೇಕೆಂಬ ವಾದವನ್ನು ನಾನು ಬಲ್ಲೆ. ಇಳಿಯುತ್ತದೆಂದು ತಿಳಿದ ಮೇಲೆ ಗಿರಾಕಿ ಖರೀದಿಯನ್ನೇ ನಿಲ್ಲಿಸುತ್ತಾನೆ ಎಂಬುದೂ ನಿಜ. ಆದರೆ ಬೀಡಿಯ ವಿಷಯದಲ್ಲಿ ಡಿಸೆಂಬರ್ 31ರಿಂದ ಫೆಬ್ರವರಿ 1ರವರೆಗೆ ಪೂರ್ಣ ಒಂದು ತಿಂಗಳು ಸಿಕ್ಕಿತು. ನನ್ನ ಕಕ್ಷಿದಾರರಲ್ಲಿ ಒಬ್ಬರ ಬಿಲ್ಲೂ ತಪ್ಪಲಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಜಾರಿಯ ದಿನವನ್ನು, ಅಂದರೆ 2026ರ ಏಪ್ರಿಲ್ 1 ಎಂಬುದನ್ನು, ಕಾಯಿದೆಯಲ್ಲಿಯೇ ಬರೆದದ್ದೂ ಸ್ವಾಗತಾರ್ಹ.

ನಮ್ಮ ಸಂಸ್ಥೆಯಿಂದ ಆಗಬೇಕಾದದ್ದು ಇನ್ನೊಂದಿದೆ. ಐದೂ ತಾಲೂಕುಗಳಿಗೆ ಸೇರಿ ಅನುಭವವುಳ್ಳ ತಂತ್ರಜ್ಞರು ಕೆಲವೇ ಮಂದಿ. ಎಲ್ಲರೂ ಒಂದೇ ದಿನ ಕರೆದರೆ ಅವರು ಬರಲಾರರು. ಬಂದರೂ ಅರ್ಧ ಕೆಲಸ ಮಾಡಿ ಮುಂದಿನ ಅಂಗಡಿಗೆ ಓಡುತ್ತಾರೆ. ಕಚೇರಿಯಲ್ಲಿ ಒಂದು ವಹಿಯನ್ನಿಟ್ಟು, ಯಾವ ಪೇಢಿ ಯಾವ ದಿನ ಆವೃತ್ತಿ ಬದಲಿಸಲಿದೆಯೆಂಬುದನ್ನು ಸದಸ್ಯರು ಬರೆಯುವಂತಾಗಬೇಕು. ಮೊದಲು ಹಾಕಿಕೊಂಡವರು ತಮಗೆ ಕಂಡ ದೋಷಗಳನ್ನು ಅದೇ ವಹಿಯಲ್ಲಿ ಬರೆದರೆ ಹಿಂದಿನವರಿಗೆ ದಾರಿಯಾಗುತ್ತದೆ. ಮೇಲೆ ಹೇಳಿದ ಜವಳಿ ವರ್ತಕರು ಆಗಸ್ಟ್ 24ನ್ನು ಈಗಾಗಲೇ ಗೊತ್ತುಮಾಡಿದ್ದಾರೆ. ಅಂದು ನಾನೇ ಅವರ ಅಂಗಡಿಯಲ್ಲಿ ಕುಳಿತಿರಬೇಕೆಂಬುದು ಅವರ ಷರತ್ತು.